ಹದಿನೇಳನೇ ಮನೆಯಲ್ಲಿ ಮಂತ್ರಿ ಊಟ ಮಾಡದೆ ಮಲಗಿದ್ದು

ಸಂಗತಿ ಇಷ್ಟು. ಸೋಮವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಅಳತೆ ಗುಮಾಸ್ತ ಪೇಪರ್ ಎತ್ತಿಕೊಳ್ಳಲು ಬಾಗಿಲು ತೆಗೆದಾಗ ಹೊಸ್ತಿಲಾಚೆ ಪೇಪರ್ ಇರಲಿಲ್ಲ, ಹನ್ನೊಂದು ಜನ ಇದ್ದರು. ಪೇಪರ್ ಆ ಹನ್ನೊಂದು ಜನರಲ್ಲಿ ಒಬ್ಬರ ಕಂಕುಳಲ್ಲಿತ್ತು. ಅದನ್ನು ಯಾರೂ ಓದುತ್ತಿರಲಿಲ್ಲ. ಎಲ್ಲರೂ ಅವನ ಮನೆಯ ಗೋಡೆಯನ್ನು ಓದುತ್ತಿದ್ದರು.

ಬಾಗಿಲ ಎಡಕ್ಕೆ, ಕರೆಂಟ್ ಮೀಟರಿನ ಪೆಟ್ಟಿಗೆಗೂ ಕಿಟಕಿಗೂ ನಡುವೆ, ಎರಡಡಿ ಅಗಲದ ಕಂಚಿನ ಫಲಕವೊಂದು ನಾಲ್ಕು ಬೋಲ್ಟುಗಳ ಮೇಲೆ ಗಟ್ಟಿಯಾಗಿ ಕೂತಿತ್ತು. ಹಿಂದಿನ ದಿನ ಮನೆಯವರೆಲ್ಲ ಗುಮಾಸ್ತನ ಅಕ್ಕನ ಮನೆಗೆ ಹೋಗಿದ್ದಾಗ ಇಲಾಖೆಯ ವ್ಯಾನು ಬಂದು ಕೆಲಸ ಮುಗಿಸಿ ಹೋಗಿತ್ತು. ಹಿಂದಿರುಗುವ ಹೊತ್ತಿಗೆ ಕತ್ತಲಾಗಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ಎದುರುಮನೆಯ ನಿವೃತ್ತ ಮೇಷ್ಟ್ರು, ಮೂವತ್ತೊಂದು ವರ್ಷ ಪಾಠ ಹೇಳಿದ ಗಂಟಲಿನಲ್ಲಿ, ಹಿಂದಿನ ಬೆಂಚಿನವರಿಗೂ ಕೇಳುವಂತೆ ಓದಿದರು: "ಕೊನೆಯ ಅರಸನ ಮಂತ್ರಿಯು ಗಡಿ ಒಪ್ಪಂದಕ್ಕೆ ಸಹಿ ಹಾಕುವ ಹಿಂದಿನ ರಾತ್ರಿ ಮೂರನೇ ಅಡ್ಡರಸ್ತೆಯ ಹದಿನೇಳನೇ ನಂಬರಿನ ಈ ಮನೆಯಲ್ಲಿ ಊಟ ಮಾಡದೆ ಮಲಗಿದನು. ಇತಿಹಾಸ ಫಲಕ ಇಲಾಖೆ."

ಗುಮಾಸ್ತನಿಗೆ ಎರಡು ವಿಷಯ ಒಟ್ಟಿಗೆ ಹೊಳೆದವು. ಒಂದು, ಆ ವಾಕ್ಯ ತಾನೇ ಬರೆದದ್ದು. ಎರಡು, ಅದು ಸುಳ್ಳು.

ಪೂರ್ತಿ ಸುಳ್ಳು ಎಂದರೆ ಅದೂ ತಪ್ಪಾಗುತ್ತದೆ. ರಾಜ್ಯಕ್ಕೆ ಒಬ್ಬ ಕೊನೆಯ ಅರಸ ಇದ್ದದ್ದು ನಿಜ. ಅವನಿಗೊಬ್ಬ ಮಂತ್ರಿ ಇದ್ದದ್ದು, ಆ ಮಂತ್ರಿ ಗಡಿ ಒಪ್ಪಂದಕ್ಕೆ ಸಹಿ ಹಾಕಿದ್ದು ನಿಜ. ಮೂರನೇ ಅಡ್ಡರಸ್ತೆ ನಿಜ, ಹದಿನೇಳನೇ ನಂಬರು ನಿಜ. ಇಷ್ಟೂ ನಿಜಗಳನ್ನು ಕಟ್ಟಿಹಾಕಿದ ಕೊನೆಯ ಕ್ರಿಯಾಪದವೊಂದೇ ಸುಳ್ಳು.

ಇದು ಹೇಗಾಯಿತೆಂದು ತಿಳಿಯಲು ಇಲಾಖೆಯ ಪದ್ಧತಿ ತಿಳಿದಿರಬೇಕು. ಒಂದು ಫಲಕದ ಮೇಲೆ ಏನು ಬರೆಯಬೇಕೆಂದು ಐವರು ವಿದ್ವಾಂಸರ ಸಮಿತಿ ತೀರ್ಮಾನಿಸಲು ಸರಾಸರಿ ಹದಿನಾಲ್ಕು ತಿಂಗಳು ಹಿಡಿಯುತ್ತದೆ. ಅಷ್ಟು ದಿನ ಕೈಕಟ್ಟಿ ಕೂರಲು ಎರಕದ ಕಾರ್ಖಾನೆಯವರು ಒಪ್ಪುವುದಿಲ್ಲ. ಆದ್ದರಿಂದ ಎಷ್ಟು ಸಾಲು, ಅಕ್ಷರಕ್ಕೊಂದರಂತೆ ಸಾಲಿಗೆ ಎಷ್ಟು ಚೌಕ ಎಂದು ಮೊದಲೇ ಗೊತ್ತುಮಾಡಿ, ಆ ಅಳತೆಗೆ ಸರಿಯಾಗಿ ಯಾವುದಾದರೊಂದು ಪಠ್ಯ ಬರೆದು ಕಳಿಸುತ್ತಾರೆ. ಕಾರ್ಖಾನೆಯವರು ಅದನ್ನಿಟ್ಟುಕೊಂಡು ಅಚ್ಚಿನ ಚೌಕಟ್ಟು ಹೂಡುತ್ತಾರೆ. ಸಮಿತಿಯ ಪಠ್ಯ ಬಂದ ದಿನ ಅಳತೆಯ ಕಾಗದವನ್ನು ಹರಿದು ಬಿಸಾಡುತ್ತಾರೆ. ಆ ಬಿಸಾಡುವ ಕಾಗದವನ್ನು ಬರೆಯುವುದು ಅಳತೆ ಗುಮಾಸ್ತನ ಕೆಲಸ. ಅವನ ಹಿಂದಿನವನು ಅಳತೆ ತುಂಬುವವರೆಗೂ "ಕ" ಎಂದು ಬರೆದು ಮನೆಗೆ ಹೋಗುತ್ತಿದ್ದನಂತೆ. ನಮ್ಮ ಗುಮಾಸ್ತನಿಗೆ ಅದು ಒಗ್ಗಲಿಲ್ಲ. ಸರ್ಕಾರಿ ಕಾಗದದ ಮೇಲೆ ಅರ್ಥವಿಲ್ಲದ್ದನ್ನು ಬರೆಯುವುದು ಅವನ ಸ್ವಭಾವಕ್ಕೆ ವಿರುದ್ಧ. ಹೀಗಾಗಿ ಹನ್ನೊಂದು ವರ್ಷಗಳಿಂದ ಅವನು ಅಳತೆಗೆ ಸರಿಯಾಗಿ ಒಂದೊಂದು ಸಣ್ಣ ಘಟನೆಯನ್ನು ಬರೆದು, ರಿಜಿಸ್ಟರಿನಲ್ಲಿ ನಕಲು ಇಟ್ಟುಕೊಂಡು, ಕಳಿಸುತ್ತಿದ್ದ.

ಈ ಸಲದ್ದು ಗಡಿ ಒಪ್ಪಂದಕ್ಕೆ ಸಹಿಬಿದ್ದ ಹಳೆಯ ಕೋರ್ಟು ಕಟ್ಟಡದ ಫಲಕ. ಪಠ್ಯದಲ್ಲಿ ವಿಳಾಸಕ್ಕೆ ಜಾಗ ಬಿಡಬೇಕಿತ್ತು. ಇಲ್ಲದ ವಿಳಾಸ ಬರೆಯಲು ಮನಸ್ಸಾಗದೆ ಖಚಿತವಾಗಿ ಗೊತ್ತಿದ್ದ ಒಂದೇ ವಿಳಾಸವನ್ನು ಬರೆದ. ಕೊನೆಗೆ ಏಳು ಚೌಕ ಖಾಲಿ ಉಳಿದವು. "ಊಟ ಮಾಡದೆ" ಎಂದು ಸೇರಿಸಿದ: ಐದು ಅಕ್ಷರ, ಎರಡು ತೆರಪು, ಲೆಕ್ಕ ಸರಿಹೋಯಿತು. ಕಾರ್ಖಾನೆಯಲ್ಲಿ ಹಳೆಯ ಎರಕದವನು ನಿವೃತ್ತನಾಗಿ ಹೊಸಬ ಬಂದಿದ್ದ. ಅವನ ಮೇಜಿನ ಮೇಲೆ ಎರಡು ಕಾಗದಗಳಿದ್ದವು. ಅಕ್ಷರ ಚೆನ್ನಾಗಿದ್ದ ಕಾಗದವನ್ನು ಅವನು ಎತ್ತಿಕೊಂಡ. ವ್ಯಾನಿನವರು ಫಲಕದ ಮೇಲಿದ್ದ ವಿಳಾಸಕ್ಕೆ ಹೋದರು. ಯಾರೂ ತಮ್ಮ ಕರ್ತವ್ಯದಲ್ಲಿ ಲೋಪ ಮಾಡಲಿಲ್ಲ.

ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ಹೆಂಡತಿ ಫಲಕವನ್ನು ಒಮ್ಮೆ, ಗಂಡನ ಮುಖವನ್ನು ಒಮ್ಮೆ ಓದಿದಳು. ಮುಖ ಓದುವುದೇ ಸುಲಭವಾಗಿತ್ತು. "ಇವತ್ತೇ ತೆಗೆಸ್ತೀನಿ" ಎಂದ ಗುಮಾಸ್ತ ಪಿಸುಮಾತಿನಲ್ಲಿ. ಒಳಕೋಣೆಯ ಮಂಚದ ಮೇಲಿಂದ ಅವನ ಅಮ್ಮ, ಏನು ಗದ್ದಲ ಎಂದು ಕೇಳಿದಳು. ಮಂತ್ರಿ ಮಲಗಿದ್ದನಂತೆ ಎಂದು ಮೇಷ್ಟ್ರು ಕಿಟಕಿಯಿಂದಲೇ ಕೂಗಿ ಹೇಳಿದರು. ಎಪ್ಪತ್ತೆಂಟರ ಆ ಹೆಂಗಸು ಸ್ವಲ್ಪ ಹೊತ್ತು ಯೋಚಿಸಿದಳು.

"ನಿಮ್ಮಪ್ಪ ಪಾಯ ತೋಡಿಸುವಾಗ ಕಪ್ಪೆ ಬಂದಿದ್ವು," ಎಂದಳು ಮಗನಿಗೆ. "ಮಂತ್ರಿ ಬಂದಿದ್ದು ನೆನಪಿಲ್ಲ."

ಗುಮಾಸ್ತ ಒಪ್ಪಿಕೊಂಡುಬಿಡುವ ನಿರ್ಧಾರದಿಂದಲೇ ಕಚೇರಿಗೆ ಹೋದ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದ. ಆದರೆ ನಿರ್ದೇಶಕರ ಕೋಣೆಯ ಬಾಗಿಲಲ್ಲೇ ಅವರು ಎದ್ದು ಬಂದು ಅವನ ಕೈ ಹಿಡಿದುಕೊಂಡರು. ಮೇಷ್ಟ್ರು ಬೆಳಿಗ್ಗೆಯೇ ಪತ್ರಿಕೆಗೆ ಫೋಟೊ ಕಳಿಸಿದ್ದರು; ಪತ್ರಿಕೆಯವರು ನಿರ್ದೇಶಕರಿಗೆ ಫೋನ್ ಮಾಡಿ ಅಭಿನಂದಿಸಿದ್ದರು. ನಾಲ್ಕು ವರ್ಷಗಳಲ್ಲಿ ಇಲಾಖೆಗೆ ಬಂದ ಮೊದಲ ಅಭಿನಂದನೆ ಅದು. ಕಡತದಲ್ಲಿ ಏನಿತ್ತೆಂದು ನಿರ್ದೇಶಕರು ನೋಡಿರಲಿಲ್ಲ. ಅಭಿನಂದನೆ ಬಂದ ಮೇಲೆ ಕಡತ ನೋಡುವವರು ಯಾರು?

"ಹನ್ನೊಂದು ವರ್ಷದಿಂದ ಇಲ್ಲೇ ಕೂತಿದ್ದೀರಿ. ನಮ್ಮನೇಲಿ ಮಂತ್ರಿ ಮಲಗಿದ್ದ ಅಂತ ಒಂದು ದಿನ ಬಾಯಿ ಬಿಡಲಿಲ್ಲವಲ್ಲ," ಎಂದರು ನಿರ್ದೇಶಕರು. "ಇಂಥ ವಿನಯ ನಾನು ಕಂಡಿಲ್ಲ."

"ಸಾರ್, ಅದು ಮಲಗಿದ್ದು ಅಲ್ಲ—"

"ನಿದ್ದೆ ಬಂದಿರಲಿಕ್ಕಿಲ್ಲ, ಸರಿ. ಮಾರನೇ ದಿನ ರಾಜ್ಯದ ಗಡಿ ನಿರ್ಧಾರ ಆಗೋದಿದೆ, ಯಾರಿಗೆ ನಿದ್ದೆ ಬರುತ್ತೆ?"

ಅಷ್ಟರಲ್ಲಿ ಅವರ ಫೋನು ಮತ್ತೆ ಬಡಿದುಕೊಂಡಿತು. ಬಾಯಿ ತೆರೆದುಕೊಂಡೇ ಇದ್ದ ಗುಮಾಸ್ತ ಅದನ್ನು ಮುಚ್ಚಿ ತನ್ನ ಸೀಟಿಗೆ ಬಂದ. ನಾಳೆ ಹೇಳಿದರಾಯಿತು ಎಂದುಕೊಂಡ. ತಪ್ಪೊಪ್ಪಿಗೆ ಹಾಲಿನ ಹಾಗೆ, ಒಂದು ದಿನ ಇಟ್ಟರೆ ಕೆಡುತ್ತದೆ ಎನ್ನುವುದು ಅವನಿಗೆ ತಿಳಿಯದ ವಿಷಯವಲ್ಲ.

ಇತ್ತ ಮೂರನೇ ಅಡ್ಡರಸ್ತೆಯಲ್ಲಿ ಮಂತ್ರಿ ಮಲಗಿದ ವಿಷಯ ಸಂಜೆಯೊಳಗೆ ಹಳತಾಗಿ, ಊಟ ಮಾಡದೆ ಮಲಗಿದ ವಿಷಯ ಎದ್ದು ನಿಂತಿತು. ಯಾಕೆ ಊಟ ಮಾಡಲಿಲ್ಲ? ಮಾಡಲಿಲ್ಲವೋ, ಹಾಕಲಿಲ್ಲವೋ? ಬಂದ ಅತಿಥಿಗೆ ಊಟವಾಯಿತೇ ಎಂದು ಕೇಳದ ಮನೆ ಯಾವುದಿದೆ? ಮೇಷ್ಟ್ರ ಹೆಂಡತಿ ಈ ಪ್ರಶ್ನೆಗಳನ್ನು ಯಾರಿಗೂ ನೇರವಾಗಿ ಕೇಳಲಿಲ್ಲ. ನಲ್ಲಿಯ ಹತ್ತಿರ ನಿಂತು ಆಕಾಶವನ್ನು ಕೇಳಿದರು. ಆ ಮನೆಯ ಒಲೆ ಮೊದಲಿಂದಲೂ ಅಷ್ಟಕ್ಕಷ್ಟೇ ಎಂದು ಆಕಾಶದ ಪರವಾಗಿ ಪಕ್ಕದ ಮನೆಯವರು ಉತ್ತರ ಕೊಟ್ಟರು. ತನಗೂ ಎರಡು ವರ್ಷದ ಹಿಂದೆ ಅಲ್ಲಿ ಬರೀ ಚಹಾ ಕೊಟ್ಟು ಕಳಿಸಿದ್ದನ್ನು ಇಸ್ತ್ರಿ ಅಂಗಡಿಯವನು ಸಾಕ್ಷ್ಯಕ್ಕೆ ಸೇರಿಸಿದ.

ಗುರುವಾರ ಗುಮಾಸ್ತನ ಅಕ್ಕ ಬಂದಳು. ಚಪ್ಪಲಿ ಬಿಡುವ ಮೊದಲೇ ತಮ್ಮನನ್ನು ಕೇಳಬೇಕಾದ್ದನ್ನು ತಮ್ಮನ ಹೆಂಡತಿಯನ್ನು ಕೇಳಿದಳು.

"ನಮ್ಮ ತೌರುಮನೇಲಿ ಹಸಿದು ಮಲಗಿದವರು ಒಬ್ಬರೂ ಇಲ್ಲ. ನೀನು ಬಂದ ಮೇಲೆ ಇದೆಲ್ಲ."

"ಅತ್ತಿಗೆ, ಅವನು ಬಂದಿದ್ದು ನೂರಾ ಎಂಬತ್ತು ವರ್ಷದ ಹಿಂದೆ."

"ವರ್ಷ ನನಗೆ ಹೇಳಬೇಡ. ನಮ್ಮಪ್ಪನ ಹೆಸರು ಹೋಯ್ತೋ ಇಲ್ವೋ, ಅದನ್ನ ಹೇಳು."

ಅಪ್ಪ ಟೈಲರ್. ಆ ಮನೆಯನ್ನು ಕಟ್ಟಿಸಿದ್ದು ಮೂವತ್ತೆಂಟು ವರ್ಷದ ಹಿಂದೆ. ಇದನ್ನು ಹೆಂಡತಿ ಎತ್ತಿ ತೋರಿಸಬಹುದಿತ್ತು. ತೋರಿಸಲಿಲ್ಲ. ಬದಲಿಗೆ ಮರುದಿನದಿಂದ ಫಲಕ ನೋಡಲು ಬಂದವರಿಗೆಲ್ಲ ಒಂದೂ ಮಾತಾಡದೆ ತಟ್ಟೆ ಹಾಕತೊಡಗಿದಳು. ಬೇಡ ಎಂದವರನ್ನು ತೋಳು ಹಿಡಿದು ಕೂರಿಸಿದಳು. ಒಂದು ವಾರದಲ್ಲಿ ಊಟ ಮಾಡಿ ಹೋದವರು ನಲವತ್ತಾರು ಜನ. ಅವರಲ್ಲಿ ಏಳು ಮಂದಿ ಫಲಕದ ಕಡೆ ತಿರುಗಿಯೂ ನೋಡಲಿಲ್ಲ. ಗುಮಾಸ್ತ ಮಾತ್ರ ಆ ವಾರವೆಲ್ಲ ತಟ್ಟೆಯ ಮುಂದೆ ಕೂತು ಎದ್ದ, ಹೊಟ್ಟೆಗೆ ಹೋದದ್ದು ಕಡಿಮೆ.

ನಿಜವಾದ ಕಂಟಕ ಮೂರನೇ ಸೋಮವಾರ ಬಂತು, ಇಲಾಖೆಯ ಸಂಶೋಧಕರ ರೂಪದಲ್ಲಿ. ಸೌಮ್ಯ ಮನುಷ್ಯ, ಮಾತಿಗೊಮ್ಮೆ ಕನ್ನಡಕ ಒರೆಸುವವರು. ಅವರು ಮನೆಯನ್ನು ಟೇಪು ಹಿಡಿದು ಅಳೆದರು. ರಸ್ತೆ ಕಾಣುವ ಕಿಟಕಿ ಒಳಕೋಣೆಗೆ ಮಾತ್ರ ಇರುವುದರಿಂದ, ಎಚ್ಚರಿಕೆಯ ಮನುಷ್ಯನಾದ ಮಂತ್ರಿ ಅಲ್ಲೇ ಮಲಗಿರಬೇಕೆಂದು ತೀರ್ಮಾನಿಸಿದರು. ಅಲ್ಲಿ ಈಗ ಮಲಗುತ್ತಿದ್ದವಳು ಅಮ್ಮ. ಅವಳ ಮಂಚದ ಸುತ್ತ ನಾಲ್ಕು ಕಂಬ ನಿಲ್ಲಿಸಿ ಕೆಂಪು ಹಗ್ಗ ಕಟ್ಟಿ, "ಮುಟ್ಟಬಾರದು" ಎಂಬ ಚೀಟಿ ತೂಗುಹಾಕಿದರು. ಅಮ್ಮ ಮಂಚದ ಮೇಲೇ ಇದ್ದಳು. ಮುಟ್ಟಬಾರದ್ದು ಯಾವುದೆಂದು ಚೀಟಿಯಲ್ಲಿ ಸ್ಪಷ್ಟವಿರಲಿಲ್ಲ. ಸೊಸೆ ಎರಡು ದಿನ ಹಗ್ಗದ ಮೇಲಿಂದಲೇ ಊಟ ಕೊಟ್ಟಳು.

ಹೊರಡುವಾಗ ಸಂಶೋಧಕರು ಒಂದು ಕಾಗದವನ್ನೂ ಕೊಟ್ಟರು. ಹದಿನೇಳನೇ ನಂಬರಿನ ಮನೆಯನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಲಾಗುವುದು. ನಿವಾಸಿಗಳು ಮೂವತ್ತು ದಿನಗಳೊಳಗೆ ಖಾಲಿ ಮಾಡತಕ್ಕದ್ದು. ಆಕ್ಷೇಪಣೆ ಇದ್ದಲ್ಲಿ ದಾಖಲೆ ಸಮೇತ ಹಾಜರಾಗತಕ್ಕದ್ದು.

ಗುಮಾಸ್ತ ಅದನ್ನು ನಿಂತು ಓದಿದ, ಕೂತು ಓದಿದ. ಇನ್ನೊಂದು ಮನೆ ಅವರಿಗಿರಲಿಲ್ಲ. ಅಕ್ಕನ ಮನೆಯಲ್ಲಿ ಎರಡು ಕೋಣೆ, ಆರು ಜನ. ಅಮ್ಮ ಇಂದಿಗೂ ದಿನಕ್ಕೆರಡು ಗಂಟೆ ಆ ಕಿಟಕಿಯ ಬೆಳಕಿನಲ್ಲಿ ಕೂತು ಯಾರದೋ ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತಾಳೆ. ಬೇರೆಲ್ಲಿಯೂ ಅವಳ ಕಣ್ಣಿಗೆ ಸೂಜಿಯ ತೂತು ಕಾಣುವುದಿಲ್ಲ. "ಎಲ್ಲಿಗೆ ಹೋಗೋದು?" ಎಂದು ಹೆಂಡತಿ ಒಂದೇ ಒಂದು ಸಲ ಕೇಳಿದಳು. ಹತ್ತು ಸಲ ಕೇಳಿದ್ದರೆ ಅವನು ರೇಗಬಹುದಿತ್ತು.

ಹೀಗೆ, ಹದಿನೈದು ದಿನ ಸುಳ್ಳು ಬಯಲಾದೀತೆಂದು ನಡುಗಿದ ಮನುಷ್ಯ ಹದಿನಾರನೇ ದಿನದಿಂದ ಅದು ಬಯಲಾಗುತ್ತಿಲ್ಲವಲ್ಲ ಎಂದು ನಡುಗತೊಡಗಿದ.

ವಿಚಾರಣೆ ನಿರ್ದೇಶಕರ ಕೋಣೆಯಲ್ಲಿ ನಡೆಯಿತು. ಒಂದು ಕಡೆ ನಿರ್ದೇಶಕರು, ಸಂಶೋಧಕರು. ಇನ್ನೊಂದು ಕಡೆ ಗುಮಾಸ್ತ, ಅವನ ತೊಡೆಯ ಮೇಲೊಂದು ಚೀಲ. ಚೀಲದಿಂದ ಮೊದಲು ಅಪ್ಪನ ಕಾಲದ ಕಟ್ಟಡ ಪರವಾನಗಿ ತೆಗೆದ. ಮೂವತ್ತೆಂಟು ವರ್ಷದ ಹಿಂದಿನದು, ಮೊಹರು ಸಮೇತ. ಮನೆಯೇ ಇಲ್ಲದಿದ್ದಾಗ ಮಂತ್ರಿ ಮಲಗಿದ್ದಾದರೂ ಎಲ್ಲಿ?

ಈ ಮನೆ ಎಂದರೆ ಈ ಜಾಗ ಎಂದು ತಿಳಿಯಬೇಕು ಎಂದರು ಸಂಶೋಧಕರು ಮೃದುವಾಗಿ. ಹಿಂದೆ ಅಲ್ಲೊಂದು ಮನೆ ಇದ್ದಿರಬೇಕು.

ಗುಮಾಸ್ತ ಎರಡನೇ ಕಾಗದ ತೆಗೆದ. ನಗರಸಭೆಯ ಹಳೆಯ ನಕ್ಷೆ. ಮೂರನೇ ಅಡ್ಡರಸ್ತೆ ಇರುವ ಜಾಗವೆಲ್ಲ ಅದರಲ್ಲಿ ನೀಲಿ ಬಣ್ಣ. "ಅಲ್ಲಿ ಮನೆ ಇರಲಿಲ್ಲ ಸಾರ್. ಕೆರೆ ಇತ್ತು. ಆಳ ಹನ್ನೆರಡು ಅಡಿ."

ಸಂಶೋಧಕರು ಕನ್ನಡಕ ಒರೆಸುವುದನ್ನು ನಿಲ್ಲಿಸಿದರು. ನಕ್ಷೆಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಅವರ ಕಣ್ಣು ತುಂಬಿಬಂದದ್ದನ್ನು ಗುಮಾಸ್ತ ಸ್ಪಷ್ಟವಾಗಿ ಕಂಡ.

"ದೋಣಿ," ಎಂದರು ಅವರು. "ಮಂತ್ರಿ ದೋಣಿಯಲ್ಲಿ ಮಲಗಿದ್ದ. ಶತ್ರುಗಳು ಸುತ್ತಲೂ ಇದ್ದರು, ದಡಕ್ಕೆ ಬರೋ ಹಾಗಿರಲಿಲ್ಲ. ಅದಕ್ಕೇ ಊಟ ಇಲ್ಲ. ನಾನು ಒಂದು ವಾರದಿಂದ ತಲೆ ಕೆಡಿಸಿಕೊಂಡಿದ್ದೆ, ಸ್ವಾಮೀ, ಈ ಊಟದ ವಿಷಯಕ್ಕೆ."

ಗುಮಾಸ್ತ ಚೀಲಕ್ಕೆ ಮೂರನೇ ಸಲ ಕೈ ಹಾಕಿದ. ಉಳಿದದ್ದು ಒಂದೇ ದಾರಿ. ರಿಜಿಸ್ಟರನ್ನು ಮೇಜಿನ ಮೇಲಿಟ್ಟು, ಪುಟ ತೆರೆದು, ಆ ವಾಕ್ಯವನ್ನು ತಾನು ಚೌಕ ತುಂಬಿಸಲು ಬರೆದದ್ದೆಂದು, ಸಮಿತಿಯ ಪಠ್ಯ ಇನ್ನೂ ಕಾರ್ಖಾನೆಯಲ್ಲೇ ಬಿದ್ದಿದೆಯೆಂದು ಮೊದಲಿಂದ ಕೊನೆಯವರೆಗೆ ಹೇಳಿದ. ಸಂಶೋಧಕರು ಸಹನೆಯಿಂದ ಕೇಳಿ, ಈ ವಿಷಯ ನಿಮಗೆ ಎಲ್ಲಿಂದ ತಿಳಿಯಿತು ಎಂದು ವಿಚಾರಿಸಿದರು. ತಲೆಯಿಂದ ಎಂದ ಗುಮಾಸ್ತ. ಅವರು ತಮ್ಮ ಪುಸ್ತಕದಲ್ಲಿ "ಮೌಖಿಕ ಪರಂಪರೆ" ಎಂದು ಬರೆದುಕೊಂಡರು.

 ನಿರ್ದೇಶಕರು ಮಾತ್ರ ರಿಜಿಸ್ಟರಿನ ಹಿಂದಿನ ಪುಟಗಳನ್ನು ತಿರುವಿಹಾಕುತ್ತಿದ್ದರು. ಒಂದು ಪುಟ, ಹತ್ತು ಪುಟ, ಇಪ್ಪತ್ತು ಪುಟ. ತಿರುವಿದಷ್ಟೂ ಅವರ ಮುಖದ ಬಣ್ಣ ಇಳಿಯಿತು. ಕೊನೆಗೆ ಸಂಶೋಧಕರನ್ನು ಚಹಾ ಕುಡಿದು ಬನ್ನಿ ಎಂದು ಕಳಿಸಿ, ಬಾಗಿಲು ಹಾಕಿ, ಬಂದು ಕೂತರು.

"ಇಂಥವು ಎಷ್ಟು ಬರೆದಿದ್ದೀರಿ?"

"ಇದು ಬಿಟ್ಟು ಅರವತ್ತಮೂರು ಸಾರ್."

"ಅದರಲ್ಲಿ ಎಷ್ಟು ಗೋಡೆ ಮೇಲಿವೆ?"

ಈ ಪ್ರಶ್ನೆಯನ್ನು ಗುಮಾಸ್ತ ತನಗೆ ತಾನೇ ಕೇಳಿಕೊಂಡಿರಲಿಲ್ಲ. ಗೊತ್ತಿಲ್ಲ ಎಂದ. 

"ನೋಡಿ," ಎಂದರು ನಿರ್ದೇಶಕರು ದನಿ ತಗ್ಗಿಸಿ. "ಒಂದು ಆದರೆ ಕೈತಪ್ಪು. ಎರಡು ಆದರೆ ಪದ್ಧತಿ. ಕೈತಪ್ಪಾದರೆ ಫಲಕ ತೆಗೆಸ್ತೀನಿ, ನೋಟಿಸ್ ವಾಪಸ್, ನೀವು ನಿಮ್ಮನೇಲಿ ಇರಿ. ಪದ್ಧತಿ ಆದರೆ ತನಿಖೆ. ತನಿಖೆ ಮುಗಿಯೋ ತನಕ ಯಾವ ಫಲಕಾನೂ ಮುಟ್ಟೋ ಹಾಗಿಲ್ಲ, ನಿಮ್ಮನೇದೂ ಸೇರಿ. ಹೋದ ಸಲದ ತನಿಖೆ ಎಷ್ಟು ವರ್ಷ ನಡೀತು ಗೊತ್ತಲ್ಲ?"

ಹನ್ನೆರಡು ವರ್ಷ. ಗೊತ್ತಿತ್ತು.

"ಹೋಗಿ ಅರವತ್ತಮೂರನ್ನೂ ಕಣ್ಣಾರೆ ನೋಡಿ. ಎಲ್ಲ ಸರಿ ಇವೆ ಅಂತ ಬರೆದು ಸಹಿ ಹಾಕಿ ತಂದುಕೊಡಿ. ನೋಟಿಸ್ ಅವಧಿ ಇನ್ನೂ ಹದಿನಾಲ್ಕು ದಿನ ಇದೆ."

ಹದಿನಾಲ್ಕು ದಿನ, ಅರವತ್ತಮೂರು ಫಲಕ. ಚೀಲದಲ್ಲಿ ಒಂದು ರಿಜಿಸ್ಟರು, ಒಂದು ನಮೂನೆ, ಒಂದು ಜೊತೆ ಬಟ್ಟೆ. ಇತಿಹಾಸವನ್ನು ಅಷ್ಟು ಭಯದಿಂದ ಓದಿದವರು ಈ ರಾಜ್ಯದಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ಪ್ರತಿ ಊರಿನಲ್ಲೂ ಬಸ್ಸಿಳಿದವನೇ ಎದೆ ಹಿಡಿದುಕೊಂಡು ಫಲಕ ಹುಡುಕುತ್ತಿದ್ದ. ದೂರದಿಂದ ಕಣ್ಣು ಕಿರಿದು ಮಾಡಿ ಮೊದಲ ಸಾಲು ಓದುತ್ತಿದ್ದ. ಅದರಲ್ಲಿ ಎರಡು ಸಲ "ಹಾಗೂ", ಒಂದು ಸಲ "ಸದರಿ" ಇದ್ದರೆ ಸಮಾಧಾನ. ಅದು ಸಮಿತಿಯ ಪಠ್ಯ. ಸರಿಯಿದೆ ಎಂದು ಬರೆದು ಮುಂದಿನ ಬಸ್ಸು ಹತ್ತುತ್ತಿದ್ದ. ಒಂದು ಫಲಕದ ಮೇಲೆ ಟ್ಯೂಷನ್ ಕ್ಲಾಸಿನ ಜಾಹೀರಾತು ಅಂಟಿತ್ತು. ಉಗುರಿನಿಂದ ಕೆರೆದು ಓದಿದ. ಇನ್ನೊಂದು, ಪೀಠೋಪಕರಣದ ಅಂಗಡಿಯೊಂದರ ಬೀರುವಿನ ಹಿಂದಿತ್ತು. ಬೀರು ಕೊಳ್ಳುವವನಂತೆ ನಟಿಸಿ ಅದನ್ನು ಸರಿಸಿ ಓದಿದ. ಮೂವತ್ತೊಂದನೆಯದರ ಹತ್ತಿರ ಕಂಚು ಕದಿಯಲು ಬಂದವನೆಂದು ಅವನನ್ನು ಹಿಡಿದು ಕೂರಿಸಿದರು. ತಾನು ಇಲಾಖೆಯವನು ಎಂದ. ಇಲಾಖೆಯವರು ಯಾಕೆ ಬಂದು ಓದುತ್ತಾರೆ ಎಂದು ಅವರು ಕೇಳಿದರು. ಆ ಪ್ರಶ್ನೆಗೆ ಉತ್ತರ ಹೇಳಲು ಒಂದೂವರೆ ಗಂಟೆ ಹಿಡಿಯಿತು. ಪ್ರತಿ ಸಂಜೆ ಮನೆಗೆ ಫೋನ್ ಮಾಡಿ ಎಷ್ಟಾಯಿತೆಂದು ಹೇಳುತ್ತಿದ್ದ. ಹೆಂಡತಿ ಆ ಕಡೆಯಿಂದ ಅಷ್ಟನ್ನು ಅರವತ್ತಮೂರರಿಂದ ಕಳೆದು ಉಳಿದದ್ದು ಹೇಳುತ್ತಿದ್ದಳು.

ಹದಿಮೂರನೇ ದಿನ ಮಧ್ಯಾಹ್ನಕ್ಕೆ ಅರವತ್ತೆರಡು ಮುಗಿದಿದ್ದವು. ಅರವತ್ತೆರಡೂ ಸರಿ. ಬಸ್ಸಿನಲ್ಲಿ ಅವನಿಗೆ ಎಷ್ಟೋ ದಿನದ ಮೇಲೆ ಹಸಿವಾಯಿತು.

ಕೊನೆಯದು ಒಂದು ಕಲ್ಲಿನ ಸೇತುವೆಯ ಫಲಕ. ಸೇತುವೆಯ ಈ ತುದಿಯಲ್ಲಿ ತಗಡಿನ ಸೂರಿನ ಸೈಕಲ್ ರಿಪೇರಿ ಅಂಗಡಿ, ಅದರ ಮುಂದೆ ಒಬ್ಬ ಅಜ್ಜಿ ತಲೆಕೆಳಗಾದ ಸೈಕಲ್ಲೊಂದರ ಚಕ್ರ ತಿರುಗಿಸುತ್ತ ಕೂತಿದ್ದಳು. ಅಂಗಡಿಗೆ ಅಂಟಿಕೊಂಡ ಗೋಡೆಯ ಮೇಲೆ ಫಲಕ ಥಳಥಳ ಹೊಳೆಯುತ್ತಿತ್ತು. ಇಲಾಖೆಯ ಯಾವ ಫಲಕವೂ ಹಾಗೆ ಹೊಳೆದದ್ದನ್ನು ಅವನು ಕಂಡಿರಲಿಲ್ಲ. ದೂರದಿಂದಲೇ ಮೊದಲ ಸಾಲು ಓದಿದ. ಅದರಲ್ಲಿ "ಹಾಗೂ" ಇರಲಿಲ್ಲ. "ಸದರಿ"ಯೂ ಇರಲಿಲ್ಲ.

"೧೮೩೯ ಆಗಸ್ಟ್ ೧೪ ಮಂಗಳವಾರ ಈ ಸೇತುವೆಯ ಮೇಲೆ ಒಬ್ಬ ಹೆಂಗಸು ಅರಸನ ಕುದುರೆಗೆ ದಾರಿ ಬಿಡಲಿಲ್ಲ."

ರಿಜಿಸ್ಟರು ತೆಗೆದು ನೋಡುವ ಅಗತ್ಯವಿರಲಿಲ್ಲ. ಆದರೂ ತೆಗೆದ. ನಲವತ್ತನೇ ಪುಟ, ತನ್ನದೇ ದುಂಡಕ್ಷರ. ಅಲ್ಲೇ ಇದ್ದ ಟೈರುಗಳ ಮೇಲೆ ಕೂತ. ಒಂದಿದ್ದದ್ದು ಎರಡಾಯಿತು. ಕೈತಪ್ಪು ಪದ್ಧತಿಯಾಯಿತು. ಕಣ್ಣ ಮುಂದೆ ಅಮ್ಮನ ಮಂಚ, ಕೆಂಪು ಹಗ್ಗ, ಅಕ್ಕನ ಮನೆಯ ನಡುಕೋಣೆ, ಹನ್ನೆರಡು ವರ್ಷ, ಎಲ್ಲ ಸಾಲಾಗಿ ಹಾದುಹೋದವು.

"ಓದೋಕೆ ಬಂದ್ರಾ, ಪಂಚರ್ ಹಾಕ್ಸೋಕಾ?" ಎಂದಳು ಅಜ್ಜಿ.

"ಓದೋಕೆ."

"ಹಾಗಾದ್ರೆ ಈ ಕಡೆ ಕೂತ್ಕೊಳಿ. ನಿಮ್ಮ ನೆರಳು ಅದರ ಮೇಲೆ ಬೀಳ್ತಿದೆ."

ಅವನು ಜರುಗಿ ಕೂತ. ಕೇಳದೆಯೇ ಅಜ್ಜಿ ಹೇಳತೊಡಗಿದಳು. ಆ ಹೆಂಗಸು ಬೇರೆ ಯಾರೂ ಅಲ್ಲ, ತನ್ನ ಮುತ್ತಜ್ಜಿಯ ತಾಯಿ. ತಲೆ ಮೇಲೆ ಹುಲ್ಲಿನ ಹೊರೆ ಇತ್ತು. ಹೊರೆ ಹೊತ್ತವರು ಮೊದಲು ಎಂದಳಂತೆ. ಅರಸ ಅರ್ಧ ಗಂಟೆ ಬಿಸಿಲಲ್ಲಿ ನಿಂತನಂತೆ. ಎರಡು ವರ್ಷದ ಹಿಂದೆ ರಸ್ತೆ ಅಗಲ ಮಾಡುವವರು ದೊಡ್ಡ ಯಂತ್ರ ತಂದು ಅಂಗಡಿ ತೆಗೆಯಬೇಕೆಂದರು. ಅಜ್ಜಿ ಎದ್ದೇಳಲಿಲ್ಲ. ಫಲಕದ ಕಡೆ ಬೆರಳು ತೋರಿಸಿದಳು. ಇಂಜಿನಿಯರ್ ಎರಡು ಸಲ ಓದಿ, ಟೋಪಿ ತೆಗೆದು ತಲೆ ಕೆರೆದುಕೊಂಡು, ಐತಿಹಾಸಿಕ ಸ್ಥಳ ಎಂದು ಬರೆದುಕೊಂಡು ಹೋದ. ರಸ್ತೆ ಈಗ ಆಚೆ ಕಡೆ ಅಗಲವಾಗಿದೆ.

"ನಮ್ಮವಳು ಕುದುರೆಗೇ ಬಿಡಲಿಲ್ಲ," ಎಂದಳು. "ಇವನ ಮಷೀನಿಗೆ ನಾನು ಬಿಡ್ತೀನಾ?"

ಗುಮಾಸ್ತ ರಿಜಿಸ್ಟರು ಮುಚ್ಚಿದ. "ಅಜ್ಜಿ, ಈ ಕಥೆ ನಿಮಗೆ ಫಲಕ ಹಾಕೋಕೆ ಮುಂಚೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು. ಯಾವ ಸೇತುವೆ ಅಂತ ಗೊತ್ತಿರಲಿಲ್ಲ, ಅಷ್ಟೇ."

ಈ ಉತ್ತರವನ್ನು ಅವನು ಮನಸ್ಸಿನಲ್ಲಿ ಮೂರು ಸಲ ತಿರುಗಿಸಿ ನೋಡಿದ. ಎಲ್ಲಿ ಹಿಡಿದರೂ ಅದು ಕೈಗೆ ಸಿಗಲಿಲ್ಲ. ಅಜ್ಜಿ ಎಣ್ಣೆ ಕೈಯನ್ನು ಒರೆಸಿಕೊಂಡು, ನೀವು ಸರ್ಕಾರದವರಾ ಎಂದು ಕೇಳಿದಳು. ಹೌದು ಎನ್ನದೆ ವಿಧಿಯಿರಲಿಲ್ಲ.

"ಒಳ್ಳೇದಾಯ್ತು. ಅದರಲ್ಲೊಂದು ತಪ್ಪಿದೆ, ಬರ್ಕೊಳಿ."

ಗುಮಾಸ್ತ ಪೆನ್ನು ತೆಗೆದ.

"ಮಂಗಳವಾರ ಅಲ್ಲ ಅದು. ಬುಧವಾರ."

"ಹೇಗೆ ಹೇಳ್ತೀರಿ?"

"ಮಂಗಳವಾರ ನಮ್ಮನೆ ಹೆಂಗಸರು ಯಾರ ಹತ್ರಾನೂ ಜಗಳ ಆಡಲ್ಲ. ಬುಧವಾರಕ್ಕೆ ಇಟ್ಕೋತಾರೆ."

ಇಲಾಖೆಯ ನಿಯಮ ಪುಸ್ತಕದ ಹಿಂಬದಿಯಲ್ಲಿ ಮುನ್ನೂರು ವರ್ಷಗಳ ಕ್ಯಾಲೆಂಡರಿನ ಕೋಷ್ಟಕವೊಂದಿದೆ. ಅಭ್ಯಾಸಬಲದಿಂದ ಅವನ ಕೈ ಅದನ್ನು ತೆಗೆಯಿತು. ವರ್ಷದ ಸಾಲು, ತಿಂಗಳ ಕಾಲಂ, ತಾರೀಖು. ಬೆರಳು ಬಂದು ನಿಂತದ್ದು ಬುಧವಾರದ ಮೇಲೆ. ಮತ್ತೊಮ್ಮೆ ನೋಡಿದ. ಕೆಳಗಿನಿಂದ ಮೇಲಕ್ಕೂ ನೋಡಿದ. ಬುಧವಾರವೇ.

ತಪ್ಪು ವಾರ ಬರೆದೆನಲ್ಲ ಎಂದು ಅವನ ಕಿವಿ ಬಿಸಿಯಾಯಿತು. ಉಳಿದದ್ದೆಲ್ಲ ಆ ಕ್ಷಣಕ್ಕೆ ಮರೆತುಹೋಯಿತು. "ಕ್ಷಮಿಸಿ ಅಜ್ಜಿ," ಎಂದ. "ನೋಡ್ಕೋಬೇಕಿತ್ತು."

"ಇರಲಿ ಬಿಡಿ. ದೂರದ ಊರಲ್ಲಿ ಕೂತು ಬರೆಯೋರು, ಅಷ್ಟು ತಪ್ಪು ಆಗುತ್ತೆ," ಎಂದು ಅಜ್ಜಿ ಮತ್ತೆ ಚಕ್ರ ತಿರುಗಿಸಿದಳು.

ಗುಮಾಸ್ತ ನಮೂನೆಯನ್ನು ತೊಡೆಯ ಮೇಲಿಟ್ಟುಕೊಂಡು ಅರವತ್ತಮೂರನೇ ಸಾಲಿಗೆ ಬಂದ. ಸಾಲು ಬಹಳ ಹೊತ್ತು ಖಾಲಿ ಇತ್ತು. ಒಂದು ಬಸ್ಸು ಹೋಯಿತು. ಎರಡನೇ ಬಸ್ಸು ಬರುವ ಹೊತ್ತಿಗೆ ಬರೆದಿದ್ದ: "ಸರಿಯಿದೆ. ಒಂದು ತಿದ್ದುಪಡಿ: ಮಂಗಳವಾರ ಎಂದಿರುವಲ್ಲಿ ಬುಧವಾರ ಎಂದಾಗಬೇಕು."

ಮರುದಿನ ನಿರ್ದೇಶಕರು ನಮೂನೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಇಳಿದು ಬಂದರು. ಅರವತ್ತೆರಡು ಸಾಲು ನಿಲ್ಲದೆ ಬಂದ ಬೆರಳು ಕೊನೆಯದರಲ್ಲಿ ನಿಂತಿತು.  ವಾರ ತಪ್ಪೆಂದು ಯಾರು ಹೇಳಿದರು ಎಂದು ಅವರು ಕೇಳಿದರು. ಸ್ಥಳೀಯರು ಎಂದ. ಆಧಾರ ಕೇಳಿದರು. ಕ್ಯಾಲೆಂಡರಿನ ಪುಟ ತೆರೆದು ಮುಂದಿಟ್ಟ. ನಿರ್ದೇಶಕರು ತಾವೂ ಬೆರಳಿಟ್ಟು ನೋಡಿದರು, ಬುಧವಾರ ಬಂತು, ಮುಖ ಅರಳಿತು.

"ಇದು ಕೆಲಸ ಅಂದ್ರೆ," ಎಂದರು. "ಸ್ಥಳ ಪರಿಶೀಲನೆ, ಸಾಕ್ಷಿ, ದಾಖಲೆ, ಮೂರೂ ಇವೆ. ಆ ದೋಣಿಯವರಿಗೂ ಸ್ವಲ್ಪ ಕಲಿಸಿ."

ಸಂಜೆಯೊಳಗೆ ಹದಿನೇಳನೇ ನಂಬರಿನ ನೋಟಿಸು ರದ್ದಾಯಿತು. ಮಾರನೇ ದಿನ ವ್ಯಾನು ಬಂದು ಫಲಕ ಬಿಚ್ಚಿಕೊಂಡು ಹೋಯಿತು. ಕೊನೆಗೂ ಸರ್ಕಾರಕ್ಕೆ ವಿಷಯ ತಿಳಿಯಿತು, ಊಟ ಹಾಕದವರ ಮನೆಗೆ ಯಾಕೆ ಫಲಕ ಎಂದು ಮೇಷ್ಟ್ರ ಹೆಂಡತಿ ಆಕಾಶಕ್ಕೆ ವರದಿ ಒಪ್ಪಿಸಿದರು. ಗುಮಾಸ್ತನ ಹೆಂಡತಿ ಕೇಳಿಸಿಕೊಂಡರೂ ತಿರುಗಲಿಲ್ಲ. ಅತ್ತೆಯ ಮಂಚವನ್ನು ಕಿಟಕಿಯ ಹತ್ತಿರಕ್ಕೆ ಇನ್ನೂ ಒಂದು ಗೇಣು ಎಳೆಯುತ್ತಿದ್ದಳು. ಸಂಶೋಧಕರು ಮಾತ್ರ ದೋಣಿಯನ್ನು ಬಿಡಲಾರದೆ ಬೇರೊಂದು ಕೆರೆ ಹುಡುಕುತ್ತಿದ್ದಾರೆಂದು ತಿಳಿದುಬಂದಿದೆ. ಸೇತುವೆಯ ಫಲಕವನ್ನು ಬುಧವಾರ ಹಾಕಿ ಹೊಸದಾಗಿ ಎರಕ ಹೊಯ್ದು, ಸಮಿತಿಯ ಐವರ ಸಹಿಯೊಂದಿಗೆ ಮತ್ತೆ ನಿಲ್ಲಿಸಲಾಯಿತು. ನಡೆಯದ ಘಟನೆಯ ವಾರವನ್ನು ಸರಿಪಡಿಸಿದ್ದಕ್ಕಾಗಿ ಗುಮಾಸ್ತನ ಸೇವಾ ಪುಸ್ತಕದಲ್ಲಿ ಒಂದು ಸಾಲು ಮೆಚ್ಚುಗೆ ದಾಖಲಾಯಿತು.

ಅದಾದ ಮೂರನೇ ವಾರ ಕಚೇರಿಯ ವಿಳಾಸಕ್ಕೆ ಒಂದು ಕಾರ್ಡು ಬಂತು. ಮೂಲೆಯಲ್ಲಿ ಸೈಕಲ್ ಗ್ರೀಸು ಮೆತ್ತಿದ ಹೆಬ್ಬೆರಳಿನ ಗುರುತು.

"ವಾರ ಸರಿಯಾಗಿದೆ, ಸಂತೋಷ. ಆದರೆ ಕುದುರೆ ಒಂದಲ್ಲ, ನಾಲ್ಕು. ಒಂದು ಕುದುರೆಗೆ ದಾರಿ ಬಿಡದೆ ಇರೋದು ಏನು ದೊಡ್ಡ ವಿಷಯ. ಬೇಗ ಬಂದು ಸರಿ ಮಾಡಿ."

ಗುಮಾಸ್ತ ಕಾರ್ಡನ್ನು ಮೇಜಿನ ಮೇಲಿಟ್ಟ. ನಿರ್ದೇಶಕರ ಕೋಣೆಯ ಬಾಗಿಲ ಕಡೆ ನೋಡಿದ, ಮುಚ್ಚಿತ್ತು. ಎದ್ದು, ಹಳೆಯ ದಾಖಲೆಗಳ ಕಪಾಟಿನ ಬೀಗ ತೆಗೆದ. ಆ ವರ್ಷ ಅರಸನ ಲಾಯದಲ್ಲಿ ಎಷ್ಟು ಕುದುರೆಗಳಿದ್ದವೆಂದು ಮೊದಲು ನೋಡಬೇಕಿತ್ತು.